ನಿಮ್ಮ ಹಾಡು ನಿಮ್ಮ ಮನೆಯಲ್ಲಿದೆಯಾ?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮೊಬೈಲ್ ಕೈಗೆತ್ತಿಕೊಳ್ಳಿ. ಡೇಟಾ ಆಫ್ ಮಾಡಿ, ವೈಫೈ ಆಫ್ ಮಾಡಿ. ಈಗ ನಿಮಗೆ ಬಹಳ ಇಷ್ಟವಾದ ಹತ್ತು ಹಾಡು ಹಾಕಿ. ಎಷ್ಟು ಬಂತು? ಎರಡು? ಒಂದು? ಬಹಳ ಜನಕ್ಕೆ ಒಂದೂ ಬರೋದಿಲ್ಲ. ಯಾಕಂದ್ರೆ ನಮ್ಮ ಹತ್ತಿರ ಈಗ ಹಾಡುಗಳೇ ಇಲ್ಲ. ಹಾಡುಗಳನ್ನು ಕೇಳೋದಕ್ಕೆ ತಿಂಗಳ ಪರವಾನಗಿ ಇದೆ, ಅಷ್ಟೆ.

ಪರವಾನಗಿ ಕೊಟ್ಟವರು ಅದನ್ನ ವಾಪಸ್ ತಗೋಬಹುದು. ತಗೊಂಡಿದ್ದಾರೆ ಕೂಡ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೋ 2024ರ ಜನವರಿ ಕೊನೆಗೆ ಭಾರತದಲ್ಲಿ ಅಂಗಡಿ ಕಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಏರ್‌ಟೆಲ್‌ನವರು ವಿಂಕ್ ಮ್ಯೂಸಿಕ್ ನಿಲ್ಲಿಸ್ತೀವಿ ಅಂದ್ರು. ಆ್ಯಪ್ ಇದ್ದರೂ ಹಾಡು ಇರುತ್ತೆ ಅಂತ ಗ್ಯಾರಂಟಿ ಇಲ್ಲ. 2023ರ ಮಾರ್ಚ್‌ನಲ್ಲಿ ಸ್ಪಾಟಿಫೈಗೂ ಜೀ ಮ್ಯೂಸಿಕ್‌ಗೂ ಒಪ್ಪಂದ ಕುದುರಲಿಲ್ಲ. ರಾತ್ರೋರಾತ್ರಿ ನೂರಾರು ಹಿಂದಿ ಹಾಡುಗಳು ಜನರ ಪ್ಲೇಲಿಸ್ಟ್‌ನಲ್ಲಿ ಬೂದು ಬಣ್ಣಕ್ಕೆ ತಿರುಗಿ ಕೂತವು. ದುಡ್ಡು ಕೊಟ್ಟವರಿಗೂ ಅಷ್ಟೆ, ಕೊಡದವರಿಗೂ ಅಷ್ಟೆ.

ನಾನು ಆ್ಯಪ್‌ಗಳ ವಿರೋಧಿ ಅಲ್ಲ. ನಾನೂ ತಿಂಗಳಿಗೆ ದುಡ್ಡು ಕಟ್ತೀನಿ, ಆಫೀಸಿಗೆ ಹೋಗ್ತಾ ಕೇಳ್ತೀನಿ. ಬಾಡಿಗೆ ಮನೆಯಲ್ಲಿ ಇರೋದು ತಪ್ಪಲ್ಲ. ಆದರೆ ಅಜ್ಜಿ ಕೊಟ್ಟ ಪೆಟ್ಟಿಗೆಯನ್ನ ಯಾರೂ ಬಾಡಿಗೆ ಮನೆಯ ಮಾಲೀಕರ ಕೈಗೆ ಕೊಟ್ಟು ಬರೋದಿಲ್ಲ ಅಲ್ವಾ? ಇವತ್ತು ನಾನು ಮಾತಾಡೋದು ಆ ಪೆಟ್ಟಿಗೆ ಬಗ್ಗೆ.

ನಮ್ಮ ಶಿಕಾರಿಪುರ, ಸೊರಬ, ಸಾಗರದ ಕಡೆಯವರಿಗೆ ಅಂಟಿಗೆ-ಪಂಟಿಗೆ ಗೊತ್ತು. ಬೇರೆಯವರಿಗಾಗಿ ಹೇಳ್ತೀನಿ. ದೀಪಾವಳಿಯ ರಾತ್ರಿ ಊರಿನ ಗಂಡಸರ ಒಂದು ತಂಡ ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು ಮನೆಮನೆಗೆ ಹಾಡ್ತಾ ಹೋಗ್ತಾರೆ. ದೀಪ ಆರಬಾರದು. ಮನೆಯವರು ಬಾಗಿಲು ತೆಗೆದು ಅದಕ್ಕೆ ಎಣ್ಣೆ ಹಾಕ್ತಾರೆ, ತಮ್ಮ ಮನೆಯ ದೀಪವನ್ನ ಅದರಿಂದ ಹಚ್ಚಿಕೊಳ್ತಾರೆ. ಕೆಲವು ಕಡೆ ಇದನ್ನ 'ಹಬ್ಬ ಹಾಡೋದು' ಅಂತಾರೆ. ಮುಂದಾಳು ಒಂದು ಸಾಲು ಹೇಳ್ತಾನೆ, ಹಿಂದಿನವರು ಎಳೀತಾರೆ. ಹಾಡು ಊರಿಂದ ಊರಿಗೆ ಬೇರೆ, ಧಾಟಿ ಬೇರೆ.

ಯಾವುದಾದರೂ ಆ್ಯಪ್ ತೆಗೆದು ನಿಮ್ಮ ಊರಿನ ಅಂಟಿಗೆ-ಪಂಟಿಗೆ ಹುಡುಕಿ. ಯಾರೋ ವೇದಿಕೆ ಮೇಲೆ ಹಾಡಿದ್ದು ಒಂದೆರಡು ಸಿಗಬಹುದು. ನಿಮ್ಮ ಕೇರಿಯದ್ದು, ನಿಮ್ಮ ದೊಡ್ಡಪ್ಪ ಹಾಡಿದ್ದು ಸಿಗೋದಿಲ್ಲ. ನನಗೆ ಅದು ಸಿಕ್ಕಿದ್ದು ಊರಿನ ಮನೆ ಅಟ್ಟದ ಮೇಲಿನ ಟ್ರಂಕ್‌ನಲ್ಲಿ. 64 ಕ್ಯಾಸೆಟ್. ಅದರಲ್ಲಿ ಅಂಗಡಿಯಿಂದ ತಂದ ಭಾವಗೀತೆ, ಸಿನಿಮಾ ಇತ್ತು. ಭದ್ರಾವತಿ ಆಕಾಶವಾಣಿಯಿಂದ ಟೇಪ್ ಮಾಡಿಕೊಂಡ ವಚನಗಳಿದ್ದವು. ಕೆಳಗಡೆ ಒಂದು ಕ್ಯಾಸೆಟ್ ಮೇಲೆ ಅಪ್ಪಾಜಿ ಅಕ್ಷರದಲ್ಲಿ 'ಹಬ್ಬ' ಅಂತ ಮಾತ್ರ ಬರೆದಿತ್ತು. 90ರ ದಶಕದ ಶುರುವಿನಲ್ಲಿ ಟೂ-ಇನ್-ಒನ್ ಅನ್ನ ಕಿಟಕಿ ಮೇಲಿಟ್ಟು ರೆಕಾರ್ಡ್ ಮಾಡಿದ್ದು. ಹಾಡ್ತಿರೋದು ನಮ್ಮ ದೊಡ್ಡಪ್ಪ. ಅವರೀಗ ಇಲ್ಲ. ಹಿಂದೆ ನಾಯಿ ಬೊಗಳ್ತಾ ಇದೆ. ಹಾಡಿನ ನಡುವೆ ನಮ್ಮ ಅವ್ವನ ಧ್ವನಿ: "ಇರ್ರಿ, ಎಣ್ಣೆ ತರ್ತೀನಿ."

ಇದನ್ನ ಯಾವ ಕಂಪನಿ ನಮಗೆ ಸ್ಟ್ರೀಮ್ ಮಾಡಿ ಕೊಡುತ್ತೆ ಹೇಳಿ?

ನಾವೇ ಮಾಡ್ಕೋಬೇಕು. ಮಾಡ್ಕೋಬಹುದು. ಮನೆಯಲ್ಲಿ ಮೂಲೆಗೆ ಬಿದ್ದಿರೋ ಹಳೇ ಕಂಪ್ಯೂಟರ್ ಸಾಕು. ಆ ಕಂಪ್ಯೂಟರ್ ನಿಮ್ಮದೇ ಮನೆಯ ಸಂಗೀತ ಕೇಂದ್ರ ಆಗುತ್ತೆ. ಅಡುಗೆಮನೆಯಲ್ಲಿ ಅವ್ವ, ಮಹಡಿಯಲ್ಲಿ ಮಕ್ಕಳು, ಬೆಂಗಳೂರಿನಲ್ಲಿ ತಮ್ಮ, ಎಲ್ಲರೂ ತಮ್ಮ ತಮ್ಮ ಮೊಬೈಲ್‌ನಲ್ಲಿ ಬೇಕಾದ ಹಾಡು ಹಾಕ್ಕೋಬಹುದು. ತಿಂಗಳ ಬಾಡಿಗೆ ಇಲ್ಲ. ಮುಖ್ಯ ವಿಷಯ ಇನ್ನೊಂದಿದೆ. ಮನೆಯೊಳಗೆ ಕೇಳೋದಕ್ಕೆ ಇಂಟರ್ನೆಟ್ಟೇ ಬೇಕಾಗಿಲ್ಲ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಮೂರು ದಿನ ನೆಟ್‌ವರ್ಕ್ ಇಲ್ಲದ ಊರುಗಳಿವೆ ನಮ್ಮಲ್ಲಿ. ಕೇಬಲ್ ಕಡಿದು ಹೋದರೂ ನಿಮ್ಮ ವೈಫೈ ರೂಟರ್‌ಗೆ ಕರೆಂಟ್ ಇದ್ದರೆ ಸಾಕು, ಮನೆಯ ಹಾಡು ಮನೆಯಲ್ಲಿ ಓಡಾಡುತ್ತೆ.

ಮೊದಲು ಕ್ಯಾಸೆಟ್ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಅದಕ್ಕೆ ಕಾಲ ಕಡಿಮೆ ಇದೆ.

ಕ್ಯಾಸೆಟ್ ಅನ್ನೋದು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರಗೆ ತಂದ ವಸ್ತು. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯ ಲೇಪ. ಸರಳವಾಗಿ ಹೇಳೋದಾದ್ರೆ ಹಾಡು ಅನ್ನೋದು ತುಕ್ಕಿನ ಮೇಲೆ ಬರೆದ ಕಾಂತದ ಗುರುತು. ಮಲೆನಾಡಿನ ತೇವಕ್ಕೆ ಅದಕ್ಕೆ ಬೂಷ್ಟು ಹಿಡಿಯುತ್ತೆ. ಲೇಪ ಉದುರುತ್ತೆ. ಪಟ್ಟಿಯನ್ನ ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಕಳಚಿ ಬೀಳುತ್ತೆ. ಸಿಕ್ಕಿಕೊಂಡ ಟೇಪನ್ನ ಪೆನ್ಸಿಲ್ ಹಾಕಿ ಸುತ್ತಿದ ತಲೆಮಾರು ನಮ್ಮದು, ಇದೆಲ್ಲ ಗೊತ್ತಿರೋದೇ. ಆದರೆ ಮೂವತ್ತು ವರ್ಷ ಮುಟ್ಟದ ಕ್ಯಾಸೆಟ್ಟನ್ನ ಸೀದಾ ಪ್ಲೇ ಒತ್ತಬೇಡಿ. ಬೂಷ್ಟು ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ಅಂಟಿಕೊಂಡ ಸುತ್ತುಗಳು ಸಡಿಲ ಆಗ್ತವೆ. ಪ್ಲೇಯರ್‌ನ ಹೆಡ್ಡನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕಂದು ಬಣ್ಣ ಬಂತಾ? ಅದು ಯಾವುದೋ ಹಳೇ ಹಾಡಿನ ಚೂರು.

ನಮ್ಮ ಸಂಬಂಧಿಕರೊಬ್ಬರು ಈ ತಲೆನೋವು ಬೇಡ ಅಂತ ಪೇಟೆಯ ಒಂದು ಅಂಗಡಿಗೆ ಕ್ಯಾಸೆಟ್ ಕೊಟ್ಟರು. ವಾಪಸ್ ಬಂದ ಸಿಡಿ ಹಾಕಿ ನೋಡಿದರೆ ಹಾಡೆಲ್ಲ ಬಾವಿಯೊಳಗಿಂದ ಬಂದ ಹಾಗೆ. ಅಂಗಡಿಯವರು ಜಾಗ ಉಳಿಸೋದಕ್ಕೆ 64 ಕೆಬಿಪಿಎಸ್ ಎಂಪಿ3 ಮಾಡಿಟ್ಟಿದ್ದರು. ಕ್ಯಾಸೆಟ್‌ಗಳು? "ಕೆಲಸ ಮುಗೀತಲ್ಲ ಅಂತ ಎಸೆದ್ವಿ ಸಾರ್." ಈ ಕೆಲಸ ಮನೆಯಲ್ಲೇ ಆಗಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಹಾಗಾದರೆ 64 ಕೆಬಿಪಿಎಸ್ ಅಂದ್ರೆ ಏನು, ಅದು ಯಾಕೆ ಕೆಟ್ಟದ್ದು? ನಾನು ಇಂಜಿನಿಯರಿಂಗ್‌ನಲ್ಲಿ ಪರೀಕ್ಷೆಗೆ ಬರೆದು ಮರೆತಿದ್ದ ಒಂದು ಪಾಠ ಇಲ್ಲಿ ಕೆಲಸಕ್ಕೆ ಬಂತು. ಧ್ವನಿ ಅಂದ್ರೆ ಅಲೆ. ಕಂಪ್ಯೂಟರ್‌ಗೆ ಅಲೆ ಗೊತ್ತಿಲ್ಲ, ಅಂಕಿ ಗೊತ್ತು. ಹಾಗಾಗಿ ಸೆಕೆಂಡಿಗೆ ಇಷ್ಟು ಸಲ ಅಂತ ಅಲೆಯ ಎತ್ತರ ಅಳೆದು ಬರ್ಕೊಳ್ಳುತ್ತೆ. ಮನುಷ್ಯನ ಕಿವಿ ಹೆಚ್ಚಂದ್ರೆ 20,000 ಹರ್ಟ್ಜ್ ತನಕ ಕೇಳುತ್ತೆ. ಅದನ್ನ ತಪ್ಪಿಲ್ಲದೆ ಹಿಡಿಯಬೇಕು ಅಂದ್ರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೀತಾರೆ. ಎಡ ಒಂದು, ಬಲ ಒಂದು, ಪ್ರತಿ ಅಳತೆಗೆ 16 ಬಿಟ್. ಗುಣಿಸಿ ನೋಡಿ, ಸೆಕೆಂಡಿಗೆ 14 ಲಕ್ಷ ಬಿಟ್. ಒಂದು ಗಂಟೆಗೆ ಸುಮಾರು 635 ಎಂಬಿ.

ಎಂಪಿ3 ಏನು ಮಾಡುತ್ತೆ ಅಂದ್ರೆ, ಕಿವಿಗೆ ಗೊತ್ತಾಗಲಿಕ್ಕಿಲ್ಲ ಅನ್ನಿಸಿದ್ದನ್ನೆಲ್ಲ ಕಿತ್ತು ಬಿಸಾಕುತ್ತೆ. 320ರಲ್ಲಿ ಸ್ವಲ್ಪ ಕೀಳುತ್ತೆ, ಬಹಳ ಜನಕ್ಕೆ ಗೊತ್ತೇ ಆಗೋದಿಲ್ಲ. 64ರಲ್ಲಿ ಮಾಂಸ ಎಲ್ಲ ಕಿತ್ತು ಮೂಳೆ ಉಳಿಸುತ್ತೆ. ಕಿತ್ತಿದ್ದು ವಾಪಸ್ ಬರೋದಿಲ್ಲ. ಫ್ಲ್ಯಾಕ್ ಅನ್ನೋ ಇನ್ನೊಂದು ಬಗೆ ಇದೆ. ಅದು ಏನನ್ನೂ ಬಿಸಾಕೋದಿಲ್ಲ, ಚೆನ್ನಾಗಿ ಮಡಚಿ ಇಡುತ್ತೆ. ಸೀರೆ ಮಡಚಿದ ಹಾಗೆ. ಬಿಚ್ಚಿದರೆ ಅದೇ ಸೀರೆ, ಅಷ್ಟೇ ಉದ್ದ. ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ಗಂಟೆಗೆ 350 ಎಂಬಿ ಅಂತಿಟ್ಟುಕೊಂಡರೆ ನಮ್ಮ ಮನೆಯ 64 ಕ್ಯಾಸೆಟ್ ಸೇರಿ 23 ಜಿಬಿ ಒಳಗೇ ಮುಗೀತು. ಒಂದು 32 ಜಿಬಿ ಪೆನ್‌ಡ್ರೈವ್! 1 ಟಿಬಿ ಡಿಸ್ಕ್‌ನಲ್ಲಿ 2,800 ಗಂಟೆ ಹಿಡಿಯುತ್ತೆ. ಹಗಲು ರಾತ್ರಿ ಬಿಡದೆ ಕೇಳಿದರೂ ನಾಲ್ಕು ತಿಂಗಳ ಹತ್ತಿರ ಬೇಕು. ಜಾಗ ಉಳಿಸೋದಕ್ಕೆ ಹಾಡು ಹಾಳು ಮಾಡುವ ಕಾಲ ಮುಗಿದು ಬಹಳ ದಿನ ಆಯ್ತು.

ಇಳಿಸೋ ಕ್ರಮ ಇಷ್ಟೆ. ಟೇಪ್ ಡೆಕ್‌ನ ಲೈನ್-ಔಟ್‌ನಿಂದ ಒಂದು ವೈರು, ಕಂಪ್ಯೂಟರ್‌ಗೆ ಚುಚ್ಚುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು, ಆಡಾಸಿಟಿ ಅನ್ನೋ ಉಚಿತ ತಂತ್ರಾಂಶ. ಅತಿ ಜೋರಾದ ಕಡೆಯಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಧ್ವನಿ ಇಟ್ಟುಕೊಳ್ಳಿ. ಒಂದು ಬದಿಯನ್ನ ಪೂರ್ತಿ ರೆಕಾರ್ಡ್ ಮಾಡಿ, ಆಮೇಲೆ ಹಾಡು ಹಾಡಾಗಿ ಕತ್ತರಿಸಿ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು, ಇಲ್ಲಿ ಅಡ್ಡದಾರಿ ಇಲ್ಲ. 'ನಾಯ್ಸ್ ರಿಡಕ್ಷನ್' ಗುಂಡಿ ಕಂಡ ತಕ್ಷಣ ಒತ್ತೋ ಚಟ ಬಿಡಿ. ಕತ್ತರಿ ಹಾಕದ ಮೂಲ ಪ್ರತಿ ಒಂದು ಹಾಗೇ ಇರಲಿ. ಇಸ್ಸ್ ಅನ್ನೋ ಸದ್ದು ತೆಗೆಯೋದಕ್ಕೆ ಹೋಗಿ ಅವ್ವನ ಧ್ವನಿ ತೆಗೆದು ಹಾಕಿದರೆ ಏನು ಬಂತು?

ಇನ್ನು ಕಂಪ್ಯೂಟರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹೊಸ ವಿಂಡೋಸ್ ಹಾಕೋದಕ್ಕೆ ಆಗದ ಲಕ್ಷಾಂತರ ಯಂತ್ರಗಳು ಗುಜರಿ ದಾರಿ ಹಿಡಿದಿವೆ. ಅಂಥದ್ದೊಂದು ಲ್ಯಾಪ್‌ಟಾಪ್ ನಮಗೆ ಬಂಗಾರ. 4 ಜಿಬಿ ರ‍್ಯಾಮ್ ಇದ್ದರೆ ಧಾರಾಳ ಆಯ್ತು. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಬಗ್ಗೆ ಎಲ್ಲರೂ ಹೊಗಳ್ತಾರೆ. ಒಳ್ಳೇದೇ, ಕರೆಂಟ್ ಐದು ವ್ಯಾಟ್ ಆಸುಪಾಸು ತಿನ್ನುತ್ತೆ. ಆದರೆ ನಮ್ಮ ಕಡೆ ಕರೆಂಟ್ ಹೇಳದೆ ಕೇಳದೆ ಹೋಗುತ್ತೆ, ಹಾಗೆ ಹೋದಾಗೆಲ್ಲ ಅದರ ಮೆಮೊರಿ ಕಾರ್ಡ್ ಕೆಡುವ ಅಪಾಯ ಇದೆ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ. ಹಳೇ ಬ್ಯಾಟರಿ ಅರ್ಧ ಗಂಟೆ ತಡೆದರೂ ಸಾಕು. ಊದಿಕೊಂಡಿದ್ದರೆ ಮಾತ್ರ ತೆಗೆದು ಹಾಕಿ, ಅದರ ಜೊತೆ ಹುಡುಗಾಟ ಬೇಡ. ರೂಟರ್‌ಗೂ ಒಂದು ಪುಟ್ಟ ಯುಪಿಎಸ್ ಇರಲಿ.

ಕರೆಂಟ್ ಲೆಕ್ಕ ಕೂಡ ನೋಡಿ. ದಿನವಿಡೀ ಆನ್ ಇಟ್ಟರೆ ಪೈ ತಿಂಗಳಿಗೆ ಮೂರೂವರೆ ಯೂನಿಟ್ ಆಸುಪಾಸು. 20 ವ್ಯಾಟ್ ಲ್ಯಾಪ್‌ಟಾಪ್ 14 ಯೂನಿಟ್. ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ತಿಂದರೆ 43 ಯೂನಿಟ್. ಗೃಹಜ್ಯೋತಿಯ ಲೆಕ್ಕ ನಿಮ್ಮ ಹಳೇ ಸರಾಸರಿಗೆ ಕಟ್ಟುಬಿದ್ದಿದೆ ಅನ್ನೋದು ನೆನಪಿರಲಿ. ಫುಕಟ್ಟೆ ಹಾಡು ಕೇಳೋಕೆ ಹೋಗಿ ಬಿಲ್ಲು ಬಂತು ಅಂತ ನನ್ನ ಬೈಬೇಡಿ. ರಾತ್ರಿ ಆಫ್ ಮಾಡಿ ಮಲಗಿದರೂ ಆಗುತ್ತೆ.

ಈಗ ತಂತ್ರಾಂಶ. ಇದರಲ್ಲಿ ಎರಡು ಪಾತ್ರ. ಹಾಡು ಇಟ್ಟುಕೊಂಡು ಬಡಿಸೋನು ಒಬ್ಬ, ಅವನು ಸರ್ವರ್. ಉಣ್ಣೋನು ಇನ್ನೊಬ್ಬ, ಅದು ನಿಮ್ಮ ಮೊಬೈಲ್. ಬಡಿಸೋದಕ್ಕೆ ನ್ಯಾವಿಡ್ರೋಮ್, ಜೆಲ್ಲಿಫಿನ್, ಲಿರಿಯನ್ ಅಂತ ಹಲವು ಇವೆ, ಎಲ್ಲ ಉಚಿತ. ಲಿರಿಯನ್ ಕಥೆ ಒಂದು ನಿಮಿಷ ಕೇಳಿ. ಸ್ಲಿಮ್ ಡಿವೈಸಸ್ ಅನ್ನೋ ಸಣ್ಣ ಕಂಪನಿ 2001ರಲ್ಲಿ ಮನೆಯ ಕಂಪ್ಯೂಟರ್‌ನಿಂದ ಹಾಡು ಎಳೆದು ಸ್ಟೀರಿಯೋಗೆ ಕೊಡುವ ಪೆಟ್ಟಿಗೆ ಮಾಡಿತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನ ಕೊಂಡಿತು. 2012ರಲ್ಲಿ ಪೆಟ್ಟಿಗೆ ಮಾಡೋದನ್ನೇ ನಿಲ್ಲಿಸಿತು. 2024ರಲ್ಲಿ ಅದರ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಬೇರೆ ಉತ್ಪನ್ನ ಆಗಿದ್ದರೆ ಅಲ್ಲಿಗೆ ಕಥೆ ಮುಗೀತಿತ್ತು. ಆದರೆ ಸರ್ವರ್ ತಂತ್ರಾಂಶದ ಮೂಲ ಬರಹ ಎಲ್ಲರಿಗೂ ಮುಕ್ತವಾಗಿತ್ತು. ಬಳಕೆದಾರರೇ ಅದನ್ನ ಕೈಗೆತ್ತಿಕೊಂಡು ಲಿರಿಯನ್ ಅನ್ನೋ ಹೆಸರಿನಲ್ಲಿ ನಡೆಸ್ಕೊಂಡು ಹೋಗ್ತಾ ಇದ್ದಾರೆ. ಕಂಪನಿ ಕೈಬಿಟ್ಟ ಪೆಟ್ಟಿಗೆಗಳು ಇವತ್ತಿಗೂ ಹಾಡ್ತಿವೆ. ವಿಂಕ್ ಮುಚ್ಚಿದಾಗ ನಮಗೆ ಇಂಥ ಅವಕಾಶ ಇತ್ತಾ?

ನನ್ನ ಆಯ್ಕೆ ನ್ಯಾವಿಡ್ರೋಮ್. ಸಂಗೀತ ಬಿಟ್ಟು ಬೇರೆ ಕೆಲಸಕ್ಕೆ ಕೈ ಹಾಕೋದಿಲ್ಲ, ಬಡಪಾಯಿ ಯಂತ್ರದಲ್ಲೂ ಓಡುತ್ತೆ. ಹಾಡುಗಳಿರುವ ಫೋಲ್ಡರ್ ಯಾವುದು ಅಂತ ತೋರಿಸಿದರೆ ತಾನೇ ಓದಿ ಪಟ್ಟಿ ಮಾಡಿಕೊಳ್ಳುತ್ತೆ. ಲಿನಕ್ಸ್ ಬೇಡಪ್ಪ, ವಿಂಡೋಸ್ಸೇ ಇರಲಿ ಅನ್ನುವವರಿಗೆ ಜೆಲ್ಲಿಫಿನ್ ಸುಲಭ, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋದರೆ ಕೂರುತ್ತೆ. ಆಮೇಲೆ ರೂಟರ್‌ನ ಸೆಟ್ಟಿಂಗ್‌ಗೆ ಹೋಗಿ ಈ ಕಂಪ್ಯೂಟರ್‌ಗೆ ಒಂದು ಖಾಯಂ ವಿಳಾಸ ಕೊಡಿ, 192.168.1.50 ಅಂತಿಟ್ಟುಕೊಳ್ಳಿ. ಇದನ್ನ ಬಿಟ್ಟರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಬಹುದು, ಮನೆಯವರೆಲ್ಲ "ಹಾಡು ಬರ್ತಿಲ್ಲ" ಅಂತ ನಿಮ್ಮ ತಲೆ ತಿಂತಾರೆ. ಮೊಬೈಲ್‌ನ ಬ್ರೌಸರ್‌ನಲ್ಲಿ 192.168.1.50:4533 ಅಂತ ಹೊಡೆದರೆ ನ್ಯಾವಿಡ್ರೋಮ್ ತೆರೆದುಕೊಳ್ಳುತ್ತೆ. ಆ್ಯಪ್ ಬೇಕು ಅಂದ್ರೆ ಆಂಡ್ರಾಯ್ಡ್‌ಗೆ ಅಲ್ಟ್ರಾಸಾನಿಕ್, ಐಫೋನ್‌ಗೆ ಆಂಪರ್ಫೈ ಇವೆ.

ಹೊರಗಡೆಯಿಂದ ಕೇಳಬೇಕು ಅಂದಾಗ ಕೆಲವರು ರೂಟರ್‌ನಲ್ಲಿ ಪೋರ್ಟ್ ತೆರೆದು ಇಡ್ತಾರೆ. ಬೇಡ. ಬೀದಿ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ ಅದು. ಟೇಲ್‌ಸ್ಕೇಲ್ ಅನ್ನೋ ಸೇವೆ ಇದೆ, ಮನೆಬಳಕೆಗೆ ಉಚಿತ. ನಿಮ್ಮ ಕಂಪ್ಯೂಟರ್, ನಿಮ್ಮ ತಮ್ಮನ ಮೊಬೈಲ್ ಎರಡರ ನಡುವೆ ಮಾತ್ರ ಒಂದು ಗುಪ್ತ ದಾರಿ ಮಾಡಿಕೊಡುತ್ತೆ. ಅಷ್ಟು ಸಾಕು.

ಸ್ಪೀಕರ್ ವಿಷಯಕ್ಕೆ ಜಾಸ್ತಿ ಹೋಗೋದಿಲ್ಲ. ಮನೆಯಲ್ಲಿ ಹಳೇ ಆಂಪ್ಲಿಫೈಯರ್ ಇದ್ದರೆ ಅದರ ಆಕ್ಸ್ ತೂತಿಗೆ ಕಂಪ್ಯೂಟರ್‌ನಿಂದ ವೈರು ಎಳೆಯಿರಿ. ಕಂಪ್ಯೂಟರ್‌ನ ಸ್ವಂತ ಔಟ್‌ಪುಟ್‌ನಲ್ಲಿ ಗುಯ್ ಅಂದ್ರೆ ಒಂದು ಯುಎಸ್‌ಬಿ ಡ್ಯಾಕ್ ಹಾಕಿ. ಡ್ಯಾಕ್ ಅಂದ್ರೆ ಅಂಕಿಯನ್ನ ವಾಪಸ್ ಅಲೆ ಮಾಡೋ ಸಾಧನ. ಇದರಲ್ಲಿ ಸಾವಿರಗಟ್ಟಲೆ, ಲಕ್ಷಗಟ್ಟಲೆ ಸುರಿಯೋರಿದ್ದಾರೆ. ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಆದ ಹಾಡಿಗೆ ಅಷ್ಟೆಲ್ಲ ಬೇಡ ಸ್ವಾಮಿ.

ನಿಜವಾದ ಕೆಲಸ ಇರೋದು ಹೆಸರು ಬರೆಯೋದರಲ್ಲಿ. ಕಂಪ್ಯೂಟರ್‌ಗೆ ಇಳಿಸಿದ ಹಾಡಿಗೆ ನೀವು ಹೆಸರು ಕೊಡದಿದ್ದರೆ ಅದು 'ಟ್ರ್ಯಾಕ್ 01, ಅನ್‌ನೋನ್ ಆರ್ಟಿಸ್ಟ್' ಆಗಿ ಅನಾಥವಾಗಿ ಬಿದ್ದಿರುತ್ತೆ. ಹಾಡಿನ ಕಡತದೊಳಗೇ ಹೆಸರು, ಗಾಯಕರು, ವರ್ಷ ಬರೆದಿಡುವ ಜಾಗ ಇದೆ. ಅದನ್ನ ಟ್ಯಾಗ್ ಅಂತಾರೆ. ಮ್ಯೂಸಿಕ್‌ಬ್ರೈನ್ಸ್ ಪಿಕಾರ್ಡ್ ಅನ್ನೋ ಉಚಿತ ತಂತ್ರಾಂಶದಲ್ಲಿ ತುಂಬಬಹುದು. ಕನ್ನಡದಲ್ಲೇ ತುಂಬಿ. ಯೂನಿಕೋಡ್‌ನಲ್ಲಿ ಬರೆದರೆ ಮೊಬೈಲ್‌ನಲ್ಲೂ ಕನ್ನಡವೇ ಕಾಣುತ್ತೆ, ಕನ್ನಡದಲ್ಲೇ ಹುಡುಕಬಹುದು.

ನಮ್ಮ ಸಂಗೀತಕ್ಕೆ ಒಂದು ವಿಶೇಷ ಇದೆ, ಕಂಪನಿಗಳ ಆ್ಯಪ್‌ಗಳಿಗೆ ಅದು ಅರ್ಥವೇ ಆಗಿಲ್ಲ. ಅಲ್ಲಿ ಹಾಡು ಅಂದ್ರೆ ಗಾಯಕ, ಸಿನಿಮಾ. ನಮ್ಮ ಭಾವಗೀತೆಯಲ್ಲಿ ಕವಿ ಮುಖ್ಯ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಸಂಗೀತ ಮೈಸೂರು ಅನಂತಸ್ವಾಮಿ ಅವರದ್ದು. ಆದರೆ ಜನ ಅದನ್ನ ನೆನಪಿಟ್ಟುಕೊಂಡಿದ್ದು ನಿಸಾರ್ ಅಹಮದ್ ಅವರ ನಿತ್ಯೋತ್ಸವ ಅಂತ. ಕವಿಯ ಹೆಸರಿಗೆ ಟ್ಯಾಗ್‌ನಲ್ಲಿ ಬೇರೆ ಜಾಗ ಇದೆ, ತುಂಬಿ. ವಚನ ಇನ್ನೂ ಸ್ವಾರಸ್ಯ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದಾರೆ, ಬಸವರಾಜ ರಾಜಗುರುಗಳು ಹಾಡಿದ್ದಾರೆ, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ್ದಾರೆ. ಅಕ್ಕಮಹಾದೇವಿಯ ವಚನಗಳನ್ನೆಲ್ಲ ಒಟ್ಟಿಗೆ ಕೇಳಬೇಕು ಅಂದ್ರೆ ಗಾಯಕರ ಹೆಸರಲ್ಲಿ ಹುಡುಕಿ ಏನು ಪ್ರಯೋಜನ?

ಆದರೆ ನೋಡಿ, ವಚನಕಾರರು ಈ ಸಮಸ್ಯೆಯನ್ನ 12ನೇ ಶತಮಾನದಲ್ಲೇ ಬಗೆಹರಿಸಿದ್ದರು. ಪ್ರತಿ ವಚನದ ಒಳಗೇ ಅಂಕಿತ ಇಟ್ಟರು. ಚೆನ್ನಮಲ್ಲಿಕಾರ್ಜುನ ಅಂದ್ರೆ ನಮ್ಮ ಉಡುತಡಿಯ ಅಕ್ಕ. ಗುಹೇಶ್ವರ ಅಂದ್ರೆ ನಮ್ಮ ಬಳ್ಳಿಗಾವಿಯ ಅಲ್ಲಮ. ಎರಡೂ ಊರು ಶಿಕಾರಿಪುರ ತಾಲ್ಲೂಕಿನವೇ. ಪುಟ ಹರಿದು ಹೋದರೂ, ಯಾರು ಹಾಡಿದರೂ, ಎಲ್ಲಿ ಹಾಡಿದರೂ ಹೆಸರು ಹಾಡಿನ ಜೊತೆಗೇ ಹೋಗುತ್ತೆ. ಟ್ಯಾಗ್ ಅಂದ್ರೆ ಇದೇ ಅಲ್ವಾ? ನಾನು ಟ್ಯಾಗ್‌ನಲ್ಲಿ ಅಂಕಿತವನ್ನೂ ಬರೀತೀನಿ. ಅಪ್ಪಾಜಿ ಈಗ ಮೊಬೈಲ್‌ನಲ್ಲಿ 'ಗುಹೇಶ್ವರ' ಅಂತ ಹುಡುಕಿ ಅಲ್ಲಮನ ವಚನಗಳನ್ನೆಲ್ಲ ಸಾಲಾಗಿ ಕೇಳ್ತಾರೆ.

ಮನೆಯ ರೆಕಾರ್ಡಿಂಗ್‌ಗೆ ಇನ್ನೂ ಹೆಚ್ಚು ಬರೆಯಬೇಕು. ಯಾವ ಊರು, ಯಾವ ವರ್ಷ, ಹಾಡ್ತಿರೋರು ಯಾರು ಯಾರು, ಯಾರ ಮನೆ ಮುಂದೆ. 'ಹಬ್ಬ' ಕ್ಯಾಸೆಟ್ಟನ್ನ ಅವ್ವನ ಎದುರು ಕೂತು ಮೂರು ಸಲ ಹಾಕಿದೆ. ಹಿಂದೆ ಎಳೀತಿರೋ ಏಳು ಧ್ವನಿಯಲ್ಲಿ ಐದನ್ನ ಅವರು ಗುರುತು ಹಿಡಿದರು. ಇನ್ನೆರಡು ಯಾರದ್ದು ಅಂತ ಹೇಳಬಲ್ಲವರು ಊರಲ್ಲಿ ಈಗ ಒಬ್ಬರೋ ಇಬ್ಬರೋ. ಕ್ಯಾಸೆಟ್ ಇನ್ನೂ ನಾಲ್ಕು ವರ್ಷ ಕಾಯಬಹುದು. ಹೆಸರು ಹೇಳುವವರು ಕಾಯ್ತಾರಾ?

ಎಲ್ಲ ಮುಗಿದ ಮೇಲೆ ಒಂದೇ ಡಿಸ್ಕ್‌ನಲ್ಲಿ ಇಟ್ಟು ನಿಶ್ಚಿಂತೆಯಿಂದ ಇರಬೇಡಿ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಲ್ಲಿನ ಕಂಬ ಇದೆ. ಕದಂಬ ಶಾಂತಿವರ್ಮನ ಕಾಲದ್ದು, ಅದರ ಮೇಲೆ ಕುಬ್ಜ ಅನ್ನೋ ಕವಿಯ ಕಾವ್ಯ ಕೆತ್ತಿದೆ. ಸುಮಾರು 1,500 ವರ್ಷ ಮಳೆ ಬಿಸಿಲಿನಲ್ಲಿ ನಿಂತಿದೆ, ಇವತ್ತಿಗೂ ಓದಬಹುದು. ಹಾರ್ಡ್ ಡಿಸ್ಕ್ ಐದಾರು ವರ್ಷ ನಡೆದರೆ ನಿಮ್ಮ ಪುಣ್ಯ. ಹಾಗಾಗಿ ತಂತ್ರಜ್ಞರು ಹೇಳೋದು ಮೂರು-ಎರಡು-ಒಂದರ ನಿಯಮ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿ. ನಮ್ಮದರ ಒಂದು ಪ್ರತಿ ಆನವಟ್ಟಿಯ ತಂಗಿ ಮನೆ ಬೀರುವಿನಲ್ಲಿದೆ. ವರ್ಷಕ್ಕೊಮ್ಮೆ ತಂದು ಹೊಸದನ್ನ ಸೇರಿಸ್ತೀನಿ. ಇಳಿಸಿ ಆಯ್ತು ಅಂತ ಕ್ಯಾಸೆಟ್ ಎಸೆಯಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ, ಸ್ಪೀಕರ್ ಆಯಸ್ಕಾಂತದಿಂದ ದೂರ ಇಡಿ.

ಕಾನೂನು ಏನನ್ನುತ್ತೆ ಅಂತ ಕೆಲವರು ಕೇಳ್ತಾರೆ. ದುಡ್ಡು ಕೊಟ್ಟು ತಂದ ಕ್ಯಾಸೆಟ್, ಸಿಡಿಯನ್ನ ಸ್ವಂತಕ್ಕೆ ಕೇಳೋದಕ್ಕೆ ಇಳಿಸಿಕೊಳ್ಳೋದು ಒಂದು ವಿಷಯ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಖಾಸಗಿ ಬಳಕೆಗೆ ವಿನಾಯಿತಿಯ ಮಾತಿದೆ. ಅದನ್ನೇ ಯೂಟ್ಯೂಬ್‌ಗೆ ಹಾಕೋದು ಬೇರೆ ವಿಷಯ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಮನೆಯ ಸರ್ವರ್ ಮನೆಯವರಿಗೆ ಇರಲಿ. ಊರಿನವರು ಹಾಡಿದ್ದನ್ನ ಹೊರಗೆ ಹಾಕೋ ಮುಂಚೆ ಅವರನ್ನ, ಅವರಿಲ್ಲದಿದ್ದರೆ ಅವರ ಮಕ್ಕಳನ್ನ ಒಂದು ಮಾತು ಕೇಳಿ. ಇದು ಕಾಯ್ದೆಗಿಂತ ದೊಡ್ಡ ಮರ್ಯಾದೆ.

ನಮ್ಮ ಊರಿನ ತಂಡದಲ್ಲಿ ಈಗ ಆರು ಜನ ಹೋಗ್ತಾರೆ. ಪೂರ್ತಿ ಪದ ಬರೋದು ಇಬ್ಬರಿಗೆ, ಇಬ್ಬರಿಗೂ ಎಪ್ಪತ್ತು ದಾಟಿದೆ. ಒಬ್ಬರ ಹತ್ತಿರ ಹೋಗಿ, ಅಜ್ಜಾ, ಒಂದು ಮಧ್ಯಾಹ್ನ ಕೂತು ಹಾಡಿಕೊಡ್ತೀರಾ, ಚೆನ್ನಾಗಿ ರೆಕಾರ್ಡ್ ಮಾಡ್ತೀನಿ ಅಂದೆ. "ದೀಪ ಇಲ್ದೆ ಹೆಂಗ್ ಹಾಡೋದೋ ತಮ್ಮಾ? ಹಬ್ಬಕ್ಕೆ ಬಾ, ಹಿಂದೆ ನಡಿ. ಏನ್ ಬೇಕಾದ್ರೂ ಹಿಡ್ಕೋ" ಅಂದರು. ಹಾಗಾಗಿ ದೀಪಾವಳಿಗೆ ರಜೆ ಹಾಕಿದ್ದೇನೆ. ಮೊಬೈಲ್‌ನ ರೆಕಾರ್ಡರ್‌ನಲ್ಲಿ ಎಂಪಿ3 ಬದಲು ವೇವ್, 48 ಕಿಲೋಹರ್ಟ್ಜ್ ಅಂತ ಇಟ್ಟಾಗಿದೆ. ಫೋನ್ ಬಂದು ನಡುವೆ ತುಂಡಾಗದ ಹಾಗೆ ಏರೋಪ್ಲೇನ್ ಮೋಡ್. ಗಾಳಿ ಹೊಡೆಯದ ಹಾಗೆ ಮೈಕ್‌ಗೆ ಒಂದು ಸ್ಪಂಜು. ಸರ್ವರ್‌ನಲ್ಲಿ ದೊಡ್ಡಪ್ಪನ 'ಹಬ್ಬ'ದ ಪಕ್ಕದಲ್ಲೇ ಒಂದು ಹೊಸ ಫೋಲ್ಡರ್ ಮಾಡಿಟ್ಟಿದ್ದೇನೆ, ಆರು ಜನರ ಹೆಸರೂ ಆಗಲೇ ತುಂಬಿದ್ದೇನೆ.